ಬಾಸಿಂಗದ ಹಿಂದಿನ ಮುಖ

ಕಂತು ೯

"ಅಲ್ಲಾಡ್ಬೇಡಿ ರಘಣ್ಣ, ಬಾಸಿಂಗ ವಾಲ್ತಾ ಐತೆ."

"ಮದ್ವೆ ವಯಸ್ಸಲ್ಲಿ ಒಂದ್ ಹೆಣ್ಣೂ ಒಪ್ಕೊಳ್ನಿಲ್ಲ. ಈಗ ನಿನ್ ಕ್ಯಾಮೆರಾ ಮುಂದೆ ಮದ್ಮಗ ಆಗಿ ಕುಂತಿವ್ನಿ ನೋಡು," ರಘು ಗೊಣಗಿದ. ಹಣೆಯಿಂದ ಇಳಿಬಿದ್ದ ಹೂವಿನ ಎಳೆಗಳು ಬಾಯಿಗೆ ಬಂದು ಅವನ ಅರ್ಧ ಮಾತು ಒಳಗೇ ಉಳಿಯುತ್ತಿತ್ತು. "ಸೀನು ಬತ್ತಾ ಐತೆ ಕಣಮ್ಮ, ಬೇಗ ಮುಗ್ಸು."

ಬೇರೆ ದಿನವಾಗಿದ್ದರೆ ಮಧುಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಹತ್ತಿರಕ್ಕೂ ಸುಳಿಯಲಿಲ್ಲ. ಬೆಳಗಿನಿಂದ ಕಾಫಿ ಬಿಟ್ಟು ಬೇರೇನೂ ಹೊಟ್ಟೆಗೆ ಬಿದ್ದಿರಲಿಲ್ಲ. ಹುಣಸೂರಿನ ಬಜಾರ್ ರಸ್ತೆಯ ಮಹಡಿ ಮೇಲಿನ ಆ ಪುಟ್ಟ ಸ್ಟುಡಿಯೋದಲ್ಲಿ ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಓಡಾಡಬೇಕೆನಿಸುತ್ತಿತ್ತು.

ಸ್ಪಂದನಾಳ ಮದುವೆಯಲ್ಲಿ ವಧುವಿನ ಕಾಸಿನ ಸರ ಮಾಯವಾದ ಮಾರನೆಯ ದಿನವೇ ಕೆ.ಆರ್. ನಗರದ ಪೊಲೀಸರು ಬಂದು ಅಲ್ಲಿ ಫೋಟೋ ತೆಗೆದಿದ್ದ ಮಧುಶ್ರೀಯ ಅಣ್ಣ ಕಾಂತರಾಜನನ್ನು ಕರೆದುಕೊಂಡು ಹೋಗಿದ್ದರು. ನಾಳೆ ಜಾಮೀನು ಅರ್ಜಿ. ಅಷ್ಟರೊಳಗೆ ಏನಾದರೂ ಸಿಗದಿದ್ದರೆ ಅಣ್ಣ ಜೈಲಿನಲ್ಲೇ ಉಳಿಯುತ್ತಾನೆ.

ಪೊಲೀಸರ ಕೈಯಲ್ಲಿದ್ದದ್ದು ಎರಡೇ ಎರಡು ಎಳೆ. ಒಂದು, ವಧುವಿನ ಚಿಕ್ಕಪ್ಪ ನಂಜುಂಡಸ್ವಾಮಿಯ ಹೇಳಿಕೆ. ಧಾರೆ ಎರೆಯುವ ಹೊತ್ತಿನಲ್ಲಿ ತಾನು ಅಕ್ಕಿ ತಟ್ಟೆ ತರಲು ಛತ್ರದ ಮಹಡಿಗೆ ಹೋಗಿದ್ದೆನೆಂದೂ, ಫೋಟೋದವನು ವಧುವಿನ ಕೋಣೆಯಿಂದ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡೆನೆಂದೂ ಅವನು ಬರೆಸಿಕೊಟ್ಟಿದ್ದ. ಇನ್ನೊಂದು, ಧಾರೆಯ ಫೋಟೋಗಳು. ಒಂದರಲ್ಲೂ ಗಂಡು ಹೆಣ್ಣಿನ ಮುಖ ನೆಟ್ಟಗೆ ಬಂದಿರಲಿಲ್ಲ. ಎಲ್ಲವೂ ಮಂಜು ಮಂಜು.

"ಇಷ್ಟು ವರ್ಷ ಪಳಗಿದ ಕೈ ಅಮ್ಮಾ ಅದು. ಧಾರೆ ಫೋಟೋನೇ ಕೆಡಿಸ್ತದಾ?" ಎಂದಿದ್ದರು ಸಬ್‌ಇನ್‌ಸ್ಪೆಕ್ಟರ್ ನೀಲಕಂಠಸ್ವಾಮಿ. "ಕ್ಯಾಮೆರಾನ ಯಾರೋ ಕಲೀದೆ ಇರೋನ ಕೈಗೆ ಕೊಟ್ಟು ನಿಮ್ಮಣ್ಣ ಮೇಲಕ್ಕೆ ಹೋಗವ್ನೆ. ಅಷ್ಟೇ ಕತೆ."

"ಸರ್, ನಾನು ಪಕ್ಕದಲ್ಲೇ ಲೈಟ್ ಹಿಡ್ಕೊಂಡು ನಿಂತಿದ್ದೆ. ಅಣ್ಣಾನೇ ತೆಗೆದಿದ್ದು."

"ತಂಗಿ ಇನ್ನೇನ್ ಹೇಳ್ತಾಳಮ್ಮ?"

ತಂಗಿಯಲ್ಲದ ಸಾಕ್ಷಿ ಒಂದನ್ನು ಅವಳು ಹುಡುಕಿ ಸೋತಿದ್ದಳು. ಮದುವೆ ಮನೆಯಲ್ಲಿ ಫೋಟೋಗ್ರಾಫರನ ಮುಖ ಯಾರಿಗೆ ನೆನಪಿರುತ್ತದೆ ಹೇಳಿ? ಕ್ಯಾಮೆರಾ ಕಂಡರೆ ಜನ ತಮ್ಮ ತಲೆಗೂದಲು ಸರಿಮಾಡಿಕೊಳ್ಳುತ್ತಾರೆಯೇ ಹೊರತು ಹಿಂದೆ ಯಾರಿದ್ದಾರೆಂದು ನೋಡುವುದಿಲ್ಲ. ವಿಡಿಯೋ ಮಾಡಿದ ರಘುವೇ, "ನಾನು ಗಂಡು ಹೆಣ್ಣಿನ್ ಮ್ಯಾಲೆ ಟೈಟಾಗ್ ಇಟ್ಟಿದ್ದೆ ಸಾ, ಅಕ್ಕಪಕ್ಕ ಏನೂ ಕಾಣ್ನಿಲ್ಲ," ಎಂದು ಕೈ ತೊಳೆದುಕೊಂಡಿದ್ದ.

ಉಳಿದದ್ದು ಕ್ಯಾಮೆರಾ ಒಂದೇ. ಪೊಲೀಸರು ಅದರ ಮೆಮೊರಿ ಕಾರ್ಡನ್ನು ಮಾತ್ರ ಒಯ್ದಿದ್ದರು. ಅಣ್ಣ ಆಸೆಪಟ್ಟು ಕೊಂಡ ಹೊಸ ಮಿರರ್‌ಲೆಸ್ ಕ್ಯಾಮೆರಾ ಕಪಾಟಿನಲ್ಲಿತ್ತು. ಮಧುಶ್ರೀಯ ಕೆಲಸವೆಲ್ಲ ಕಂಪ್ಯೂಟರಿನದು, ಆಲ್ಬಮ್ ಕೂರಿಸುವುದು, ಬಣ್ಣ ತಿದ್ದುವುದು. ಅದನ್ನು ಒಂದು ಸಲವೂ ಕಣ್ಣಿಗೆ ಹಿಡಿದವಳಲ್ಲ. ಈಗ ಹಿಡಿದಿದ್ದಳು, ನಿದ್ದೆ ಊಟ ಬಿಟ್ಟು ಹಿಡಿದಿದ್ದಳು.

ಫೋನಿನಲ್ಲಿ ವಿಡಿಯೋ ನೋಡಿ, ಮೆನುವಿನೊಳಗೆ ಹೊಕ್ಕು ದಾರಿ ತಪ್ಪಿ, ಮತ್ತೆ ಹೊರಬಂದು, ಅಂತೂ ಒಂದಿಷ್ಟು ತಲೆಗೆ ಹತ್ತಿತ್ತು. ಫೋಕಸ್‌ನಲ್ಲಿ ಒಂದು ಬಗೆ ಇದೆ, ಒಂದು ಸಲ ಗುರಿ ಹಿಡಿದು ಸುಮ್ಮನೆ ನಿಂತುಬಿಡುತ್ತದೆ. ಇನ್ನೊಂದು ಬಗೆ ಗುರಿಯ ಬೆನ್ನು ಬಿಡದೆ ಹಿಂದೆ ಹಿಂದೆಯೇ ಹೋಗುತ್ತದೆ. ತನ್ನ ಮನಸ್ಸೂ ಈ ಎರಡನೆಯ ಜಾತಿಯದು ಎಂದು ಅವಳಿಗೆ ಅನಿಸಿತ್ತು. ಮೂರನೆಯದು ಮುಖ ಹುಡುಕುವ ಆಟ. ಚೌಕಟ್ಟಿನೊಳಗೆ ಎಲ್ಲಿ ಮನುಷ್ಯನ ಮುಖ ಇದೆಯೋ ಅಲ್ಲಿಗೆ ಒಂದು ಹಸಿರು ಚೌಕ ತಾನಾಗಿ ಹೋಗಿ ಕೂರುತ್ತದೆ.

ಅವಳು ಈಗ ಬಟನ್ ಅರ್ಧ ಒತ್ತಿದಳು.

ಹಸಿರು ಚೌಕ ರಘುವಿನ ಮುಖದ ಮೇಲೆ ಒಮ್ಮೆ ನಡುಗಿತು. ಬಾಸಿಂಗ ಹಣೆ ಮುಚ್ಚಿತ್ತು, ಹೂವಿನ ಎಳೆಗಳು ಕಣ್ಣು ಮುಚ್ಚಿದ್ದವು. ಚೌಕ ಅಲ್ಲಿಂದ ಎದ್ದು, ಹಿಂದಿನ ಗೋಡೆಯಲ್ಲಿ ತೂಗುಹಾಕಿದ್ದ ಯಾರದೋ ನಾಮಕರಣದ ಫೋಟೋದೊಳಗಿನ ಮಗುವಿನ ಮುಖಕ್ಕೆ ಹಾರಿ ಕೂತಿತು. ಮಗು ಸ್ಪಷ್ಟವಾಯಿತು. ರಘು ಮಂಜಾದ.

"ಬಂತು!" ಎಂದು ಅವಳು ಕೂಗಿದ ಸದ್ದಿಗೆ ರಘು ಬೆಚ್ಚಿಬಿದ್ದ. "ರಘಣ್ಣ, ಸಿಕ್ತು! ಬಾಸಿಂಗ ಕಟ್ಟಿದ್ರೆ ಇದಕ್ಕೆ ಮುಖ ಗೊತ್ತಾಗಲ್ಲ. ಬೇರೆ ಮುಖ ಹುಡುಕ್ಕೊಂಡು ಹೋಗ್ತದೆ. ಅಣ್ಣ ಕೆಡಿಸಿಲ್ಲ, ಕ್ಯಾಮೆರಾ ಕೆಡಿಸಿರೋದು!"

ಖುಷಿ ಬಹಳ ಹೊತ್ತು ಬಾಳಲಿಲ್ಲ. ಈ ಕಡೆಯ ಫೋಟೋದವರಿಗೆಲ್ಲ ಗೊತ್ತಿರುವ ವಿಷಯವದು. ಅಣ್ಣನೇ ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದ. ಬಾಸಿಂಗ ಕಟ್ಟಿದರು ಎಂದರೆ ಮುಖ ಹುಡುಕುವುದನ್ನು ಆರಿಸಿಬಿಡಬೇಕು, ಚಿಕ್ಕ ಚೌಕ ಇಟ್ಟುಕೊಂಡು ಧಾರೆ ಎರೆಯುವ ಕೈಗೆ ಗುರಿ ಇಡಬೇಕು. ಮದುವೆಯ ಹಿಂದಿನ ದಿನ ಸಂಜೆಯ ಶಾಸ್ತ್ರದ ಫೋಟೋಗಳಲ್ಲೂ ಅವನು ಹಾಗೇ ಮಾಡಿದ್ದ. ಧಾರೆಯ ಹೊತ್ತಿಗೆ ಮಾತ್ರ ಮರೆತನೇ? ಅಣ್ಣ ಮನೆಯ ಬೀಗ ಮರೆತಾನು, ಇದನ್ನು ಮರೆಯುವವನಲ್ಲ.

ಅವಳು ಕಂಪ್ಯೂಟರಿನ ಮುಂದೆ ಕೂತು, ಕಾರ್ಡ್ ಹೋಗುವ ಮುಂಚೆ ಇಳಿಸಿಟ್ಟಿದ್ದ ಧಾರೆಯ ಫೋಟೋಗಳನ್ನು ಒಂದೊಂದಾಗಿ ತೆರೆದಳು. ಇಷ್ಟು ದಿನ ಎಲ್ಲರ ಹಾಗೆ ಅವಳೂ ಮಂಜಾದ ಗಂಡು ಹೆಣ್ಣನ್ನೇ ನೋಡಿದ್ದಳು. ಇವತ್ತು ಮೊದಲ ಬಾರಿಗೆ, ಮಂಜಾಗದೆ ಉಳಿದದ್ದು ಯಾವುದು ಎಂದು ನೋಡಿದಳು.

ಮಂಟಪದ ಸುತ್ತ ಮುಖಗಳಿಗೇನು ಬರವೇ? ಪುರೋಹಿತರು, ವಧುವಿನ ತಾಯಿ ಚಾಮುಂಡಮ್ಮ, ಕಳಸ ಹಿಡಿದ ಹೆಂಗಸರು. ಯಾರೂ ಬಾಸಿಂಗ ಕಟ್ಟಿದವರಲ್ಲ. ಕ್ಯಾಮೆರಾ ಒಂದು ಸಲ ಇವರ ಕಡೆ, ಒಂದು ಸಲ ಅವರ ಕಡೆ ಹಾರಬೇಕಿತ್ತು. ಹಾರಿರಲಿಲ್ಲ. ಪ್ರತಿ ಫೋಟೋದಲ್ಲೂ ಒಬ್ಬನೇ ಒಬ್ಬ ಕೂದಲೆಳೆ ಎಣಿಸುವಷ್ಟು ಸ್ಪಷ್ಟವಾಗಿದ್ದ. ಬಿಳಿ ಅಂಗಿ, ಹೆಗಲಲ್ಲಿ ಟವಲು, ಮೂಗಿನ ಪಕ್ಕ ಕಪ್ಪು ಹುರುಳಿಯಷ್ಟು ಮಚ್ಚೆ.

ನಂಜುಂಡಸ್ವಾಮಿ.

ಮಧುಶ್ರೀಯ ಕೈ ಮೌಸಿನ ಮೇಲೇ ನಿಂತಿತು. ಹಾಲು ಬೀಳುತ್ತಿದೆ, ಇವನು ಮಂಟಪದಲ್ಲಿದ್ದಾನೆ. ತಾಳಿ ಕಟ್ಟುತ್ತಿದ್ದಾರೆ, ಇವನು ಮಂಟಪದಲ್ಲಿದ್ದಾನೆ. ಅಕ್ಕಿ ಕಾಳು ಗಾಳಿಯಲ್ಲಿವೆ, ಇವನು ಅಲ್ಲೇ ಇದ್ದಾನೆ. ಹಾಗಾದರೆ ಮಹಡಿಯ ಮೇಲೆ ನಿಂತು ಅಣ್ಣನನ್ನು ಕಣ್ಣಾರೆ ಕಂಡವನು ಯಾರು?

"ರಘಣ್ಣ, ಇಲ್ಲಿ ಬನ್ನಿ."

ರಘು ಬಾಸಿಂಗ ಬಿಚ್ಚುತ್ತಾ ಬಂದು ಪರದೆಗೆ ಬಗ್ಗಿದ.

"ಇಷ್ಟು ಜನರಲ್ಲಿ ಇವರನ್ನೇ ಯಾಕೆ ಹಿಡೀತು?"

"ಎದುರ್ಗೆ ನಿಂತವ್ನೆ. ಅದ್ಕೆ ಇರ್ಬೇಕು."

"ಪುರೋಹಿತರು ಇನ್ನೂ ಎದುರಿಗವ್ರಲ್ಲ."

ಅವಳು ಮತ್ತೆ ಕ್ಯಾಮೆರಾ ಎತ್ತಿಕೊಂಡು ಮೆನುವಿನೊಳಗೆ ಇಳಿದಳು. ಮುಖ ಹುಡುಕುವ ಪುಟದ ಕೊನೆಯಲ್ಲಿ ಇಲ್ಲಿಯವರೆಗೆ ಅವಳು ಲಕ್ಷ್ಯ ಕೊಡದ ಒಂದು ಸಾಲಿತ್ತು. ಬೇಕಾದವರ ಮುಖವನ್ನು ಮೊದಲೇ ತೋರಿಸಿ ಇಟ್ಟುಕೊಂಡರೆ, ಎಂಥ ಜಾತ್ರೆಯಲ್ಲೂ ಕ್ಯಾಮೆರಾ ಆ ಮುಖವನ್ನೇ ಮೊದಲು ಹಿಡಿಯುತ್ತದಂತೆ. ಮದುವೆಗಳಲ್ಲಿ ಗಂಡು ಹೆಣ್ಣಿನ ಮುಖ ಹೀಗೆ ಇಟ್ಟುಕೊಳ್ಳುತ್ತಾರೆ ಎಂದು ಫೋನಿನ ವಿಡಿಯೋದವನು ಹೇಳಿದ್ದ. ಅವಳು ಆ ಸಾಲನ್ನು ಒತ್ತಿದಳು.

ಉಗುರಿನಷ್ಟು ಚಿಕ್ಕ ಚಿತ್ರ ಒಂದೇ ಒಂದು ಇತ್ತು. ನಂಜುಂಡಸ್ವಾಮಿ ನೆಟ್ಟಗೆ ಕೂತು, ನಗು ತಡೆದುಕೊಂಡು ಕ್ಯಾಮೆರಾವನ್ನೇ ನೋಡುತ್ತಿದ್ದ. ಅವನ ಬೆನ್ನ ಹಿಂದೆ ನೀಲಿ ಪರದೆ. ಮಧುಶ್ರೀ ತಲೆ ಎತ್ತಿದಳು. ಅದೇ ಪರದೆ, ಬಲಗಡೆ ಇಸ್ತ್ರಿ ಸುಟ್ಟ ಕಲೆಯ ಸಮೇತ, ರಘು ಕೂತಿದ್ದ ಸ್ಟೂಲಿನ ಹಿಂದೆ ತೂಗುತ್ತಿತ್ತು.

"ಫೋಟೋದವ್ನು ಯಾರು ಅಂತ್ಲೇ ಗೊತ್ತಿಲ್ಲ, ಮದ್ವೆ ದಿನಾನೇ ಮೊದ್ಲು ನೋಡಿದ್ದು ಅಂತ ಬರ್ಸವ್ರೆ," ಎಂದಳು. ಅವಳ ದನಿ ಏರುತ್ತಿತ್ತು. "ಇಲ್ಲಿ ಬಂದು, ಈ ಸ್ಟೂಲ್ ಮೇಲೆ ಕೂತು, ಅಣ್ಣನ ಕೈಲಿ ಮುಖ ಇಡಿಸ್ಕೊಂಡು ಹೋಗವ್ರೆ ರಘಣ್ಣ!"

"ಬುಡು ಮಧು. ನಾಳೆ ಲಾಯರ್ರು ನೋಡ್ಕತಾರೆ. ಆ ಗೌಡನ್ ತಂಟೆ ನಮ್ಗ್ಯಾಕೆ?"

"ನಾಳೆಗೆ ಬಿಟ್ರೆ ಅಣ್ಣ ಒಳಗೇ ಇರ್ತಾನೆ. ನೀವು ಬರದಿದ್ರೆ ಬೇಡ. ನಾನು ಬಸ್ಸಲ್ಲಿ ಹೋಗ್ತೀನಿ."

ರಘು ಅವಳನ್ನೂ ಕ್ಯಾಮೆರಾವನ್ನೂ ನೋಡಿ, ಮೊಳೆಯಿಂದ ಓಮ್ನಿಯ ಕೀ ತೆಗೆದುಕೊಂಡ.

ನಂಜುಂಡಸ್ವಾಮಿಯ ಊರು ಭೇರ್ಯ ತಲುಪುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ದಾರಿಯುದ್ದಕ್ಕೂ ರಘು ತುಟಿ ಬಿಚ್ಚಿರಲಿಲ್ಲ. ರಸ್ತೆಯ ಹಂಪುಗಳಿಗೆಲ್ಲ ಶಾಪ ಹಾಕುವ ಅವನ ಬಾಯಿಗೆ ಇವತ್ತೇನಾಗಿದೆ ಎಂದು ಕೇಳುವ ವ್ಯವಧಾನವೂ ಅವಳಿಗಿರಲಿಲ್ಲ. ಊರಾಚೆಯ ಕಣದ ಹತ್ತಿರ ಗಾಡಿ ನಿಲ್ಲಿಸಿ, "ನೀನ್ ಮಾತಾಡ್ಕೊಂಡ್ ಬಾ, ನಾನಿಲ್ಲೇ ಇರ್ತೀನಿ," ಎಂದ.

ಕಣದ ತುಂಬ ಭತ್ತ ಹರಡಿತ್ತು. ಮೂವರು ಹೆಂಗಸರು ಕಾಲಲ್ಲಿ ಸಾಲು ಬಿಡಿಸುತ್ತಾ ಒಣಗಿಸುತ್ತಿದ್ದರು. ನಂಜುಂಡಸ್ವಾಮಿ ನಡುವೆ ನಿಂತು ಒಂದು ಕಾಳು ಹಲ್ಲಿಗಿಟ್ಟು ಕಡಿದು ನೋಡುತ್ತಿದ್ದ.

"ಯಾರಮ್ಮ ನೀವು? ಏನಾಗ್ಬೇಕಿತ್ತು?"

"ಕಾಂತರಾಜ್ ತಂಗಿ. ಮದುವೇಲಿ ಫೋಟೋ ತೆಗೆದವರ ತಂಗಿ."

ಅವನು ಕಾಳನ್ನು ಉಗಿದ. "ಹೇಳೋದ್ನೆಲ್ಲ ಪೊಲೀಸ್ರ ತಾವ ಹೇಳಿವ್ನಿ. ನಿಮ್ಮಣ್ಣ ಯಾರೋ, ನಾನ್ಯಾರೋ. ಕಂಡದ್ದು ಏಳ್ದೆ. ವೋಗಿ ಬನ್ನಿ."

"ಧಾರೆ ಹೊತ್ತಲ್ಲಿ ನೀವು ಮಹಡೀಲಿದ್ರಾ?"

"ಊಂ, ಇದ್ದೆ."

ಅವಳು ಫೋನ್ ಮುಂದೆ ಹಿಡಿದು ಫೋಟೋಗಳನ್ನು ಸರಿಸುತ್ತಾ ಹೋದಳು. ಹಾಲು. ತಾಳಿ. ಅಕ್ಕಿ. ಅವನು ಮೊದಲನೆಯದನ್ನು ಅಸಡ್ಡೆಯಿಂದ ನೋಡಿದ, ಮೂರನೆಯದಕ್ಕೆ ಬರುವಷ್ಟರಲ್ಲಿ ಟವಲಿನಿಂದ ಕತ್ತು ಒರೆಸಿಕೊಂಡ.

"ಅದು ನಾನಲ್ಲ. ನಮ್ ಕಡೆ ಬಿಳಿ ಅಂಗಿ ಆಕ್ಕೊಂಡೋರು ನೂರ್ ಜನ ಅವ್ರೆ."

"ಸರಿ, ಕ್ಯಾಮೆರಾನೇ ಕೇಳೋಣ."

ಮಧುಶ್ರೀ ನಾಲ್ಕು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಎತ್ತಿದಳು. ಇಷ್ಟು ದಿನ ಕಲಿತದ್ದೆಲ್ಲ ಈ ಒಂದು ಕ್ಷಣದಲ್ಲಿ ಕೈಕೊಟ್ಟರೆ ಏನು ಗತಿ ಎನಿಸಿತು. ಹೆಂಗಸರು ಕ್ಯಾಮೆರಾ ಕಂಡು ಸೆರಗು ಸರಿಮಾಡಿಕೊಂಡು ಇತ್ತ ತಿರುಗಿ ನಿಂತರು. ಒಬ್ಬಳಂತೂ ನಂಜುಂಡಸ್ವಾಮಿಗಿಂತ ಮುಂದೆಯೇ ಬಂದು ನಿಂತಳು. ಬಟನ್ ಅರ್ಧ ಒತ್ತಿದ ಕೂಡಲೇ ಹಸಿರು ಚೌಕ ಮೂರು ಮುಖಗಳನ್ನೂ ದಾಟಿ, ಅತ್ತಿತ್ತ ನೋಡದೆ, ಮಚ್ಚೆಯ ಮುಖಕ್ಕೆ ಅಂಟಿಕೊಂಡಿತು. ಅವನು ಪಕ್ಕಕ್ಕೆ ಸರಿದ. ಚೌಕವೂ ಸರಿಯಿತು.

ಅವಳು ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಆಮೇಲೆ ಮೆನು ತೆರೆದು ಆ ಉಗುರಿನಷ್ಟು ಚಿತ್ರವನ್ನೂ ತೋರಿಸಿದಳು.

"ಇದು ನಮ್ಮ ಸ್ಟುಡಿಯೋದ ಪರದೆ. ನೀವು ನಮ್ಮಣ್ಣನ್ನ ಕಂಡೇ ಇಲ್ಲ ಅಂತೀರಿ. ಇದು ನಿಮ್ಮನ್ನ ಚೆನ್ನಾಗಿ ಕಂಡದೆ. ಇದನ್ನ ತಗೊಂಡು ನಾನು ಸ್ಟೇಷನ್‌ಗೆ ಹೋದ್ರೆ ನಾಳೆ ಅಣ್ಣನ ಜಾಗದಲ್ಲಿ ನೀವಿರ್ತೀರಿ. ಯಾಕೆ ಸುಳ್ಳು ಹೇಳಿದ್ರಿ? ಸರ ನೀವೇ ತೆಗೆದ್ರಾ?"

ನಂಜುಂಡಸ್ವಾಮಿ ಹೆಂಗಸರ ಕಡೆ ತಿರುಗಿ, "ವೋಗ್ರವ್ವಾ, ಕಾಪಿ ಕುಡ್ಕೊಂಡ್ ಬನ್ನಿ," ಎಂದ. ಅವರು ಮರೆಯಾಗುವುದನ್ನೇ ಕಾದ. ಆಮೇಲೆ ಕಣದ ಅಂಚಿನ ಚೀಲದ ಮೇಲೆ ಕುಸಿದು ಕೂತ. ಗತ್ತೆಲ್ಲ ಇಳಿದುಹೋಗಿತ್ತು.

"ನಾನೂ ಕಾಂತನೂ ಹಾಸ್ಟೆಲ್ನಾಗೆ ಒಂದೇ ತಟ್ಟೇಲಿ ಉಂಡೋರು ಕಣವ್ವ. ಪರಿಚಯ ಅಂತಂದ್ರೆ ಸಾಕ್ಷೀನ ಪೊಲೀಸ್ರು ನಂಬ್ತಾರಾ? ಅದ್ಕೆ ಗೊತ್ತಿಲ್ಲ ಅಂದೆ. ಮದ್ವೆ ಫೋಟೋ ಮಾತಾಡಕ್ಕೆ ಉಣಸೂರಿಗ್ ಬಂದಾಗ, ಹೊಸಾ ಕ್ಯಾಮೆರಾ ಐತೆ ಕುಂತ್ಕೊಳೋ ಅಂತ ಅವ್ನೇ ಕೂರ್ಸಿ ಮಖ ಇಡ್ಕೊಂಡ."

"ಸ್ನೇಹಿತ ಅಂತೀರಿ, ಅವನ ಮೇಲೇ ಕಳ್ಳತನ ಹೊರಿಸಿದ್ರಲ್ಲ!"

"ನಾನ್ ಹೊರ್ಸ್ನಿಲ್ಲ." ಅವನು ಅವಳ ಮುಖ ನೋಡಲಾರದೆ ಭತ್ತದ ಕಡೆ ನೋಡಿದ. "ಅವ್ನೇ ಹೊರ್ಸ್ಕೊಂಡ. ಅಂಗೇ ಹೇಳು ಅಂತ ನನ್ಗೆ ಏಳ್ಕೊಟ್ಟೋನು ನಿಮ್ಮಣ್ಣಾನೇ."

ಮಧುಶ್ರೀಗೆ ಮೊದಲು ಬಂದದ್ದು ಸಿಟ್ಟು. ಸಿಕ್ಕಿಬಿದ್ದವನು ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ ಎಂದುಕೊಂಡಳು. ಅವನು ಜೇಬಿನಿಂದ ಫೋನ್ ತೆಗೆದ.

"ಛತ್ರದಿಂದ್ಲೇ ಕಳ್ಸಿದ್ ವಾಯ್ಸ್ ಮೆಸೇಜು, ಅಳಿಸ್ಬುಡು ಅಂದಿದ್ದ. ಅವನ್ ಫೋನಿಂದ ಅವ್ನು ಅಳಿಸ್ದ. ನಂಗೆ ಮನಸ್ ಬರ್ನಿಲ್ಲ, ನಾಳೆ ನನ್ ತಲೆಗ್ ಬಂದ್ರೆ ಅಂತ ಇಟ್ಕೊಂಡಿವ್ನಿ. ಕೇಳು."

ಓಲಗದ ಸದ್ದು, ಗಲಾಟೆ, ಯಾರೋ ಹೆಂಗಸು ಅಳುತ್ತಿರುವುದು. ಅವುಗಳ ನಡುವೆ ಅಣ್ಣನ ದನಿ, ಅವಸರದಲ್ಲಿ, ಉಸಿರು ಕಟ್ಟಿಕೊಂಡು.

"ನಂಜುಂಡ, ಸರ ನಮ್ ಮಧು ಚೀಲದಾಗಿತ್ತು ಕಣೋ. ಧಾರೆಗ್ ಮುಂಚೆ ಬ್ಯಾಟ್ರಿ ತಕ್ಕೊಳಕ್ಕೆ, ಕೆಳ್ಗಿಟ್ಟಿದ್ ಚೀಲಕ್ಕೆ ಕೈ ಹಾಕ್ದೆ, ಕೈಗೇ ಸಿಕ್ತು. ಮಂಟಪದ ಬಲಕ್ಕೆ ಬಾಳೆಕಂದು ನಿಲ್ಸವ್ರಲ್ಲ, ಆ ಮರಳು ಡಬ್ಬದೊಳ್ಗೆ ಊತಿಟ್ಟಿವ್ನಿ. ಜನ ಕರಗಿದ್ಮೇಲೆ ತಕ್ಕೊಂಡು ನಿಮ್ ಅತ್ಗೆ ಚಾಮುಂಡಮ್ಮಂಗೆ ಕೊಟ್ಬುಡು. ಪೊಲೀಸ್ರು ಕೇಳುದ್ರೆ ನಾನ್ ಮೇಲ್ಕೋದೆ ಅಂತ ಹೇಳು. ಮಧು ಬೆಳಿಗ್ಗೆ ಹೆಣ್ಣಿನ್ ರೂಮ್ನಲ್ಲಿದ್ಲು, ಎಲ್ರೂ ನೋಡವ್ರೆ, ಅವಳ್ ಮೇಲೆ ಬತ್ತದೆ. ಕೂಸು ಕಣೋ ಅದು. ಯಾಕ್ ಮಾಡುದ್ಲೋ, ಏನ್ ಕಷ್ಟಿತ್ತೋ, ನನ್ ತಾವ ಒಂದ್ ಮಾತು ಹೇಳ್ಬಾರ್ದಿತ್ತಾ..."

ಅಲ್ಲಿಗೆ ನಿಂತಿತು.

ಅಣ್ಣ ತನ್ನನ್ನು ಕಳ್ಳಿ ಎಂದುಕೊಂಡಿದ್ದ. ಕಳ್ಳಿ ಎಂದುಕೊಂಡೇ ತನಗಾಗಿ ಒಳಗೆ ಹೋಗಿ ಕೂತಿದ್ದ. ಮದುವೆಯಿಂದ ಬಂದ ರಾತ್ರಿ ಅವನು ಉಣ್ಣದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಸುಸ್ತಿಗಲ್ಲ. ಕಣ್ಣೆದುರು ನಿಂತಿದ್ದ ತಂಗಿಯನ್ನು ಒಂದು ಮಾತು ಕೇಳಬಾರದಿತ್ತೇ? ಅವಳಿಗೆ ಅಣ್ಣನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು, ಅವನ ಮಡಿಲಲ್ಲಿ ಬಿದ್ದು ಅಳಬೇಕೂ ಎನಿಸಿತು. ಚೀಲದಿಂದ ಆ ಸರ ತೆಗೆದ ಕೈಯಲ್ಲೇ ಅವನು ಕ್ಯಾಮೆರಾ ಹಿಡಿದದ್ದು. ಬಾಸಿಂಗ, ಚೌಕ, ಫೋಕಸ್ ಆಗ ಯಾವ ಅಣ್ಣನಿಗೆ ನೆನಪಿರುತ್ತದೆ?

"ಸರ ಎಲ್ಲೈತವ್ವ?" ನಂಜುಂಡಸ್ವಾಮಿಯ ದನಿ ಮೆತ್ತಗಿತ್ತು, ಬೇಡುವ ಹಾಗಿತ್ತು. "ಸಂಜೆ ಜನ ಕರಗಿದ್ಮೇಲೆ ಹೋಗಿ ನೋಡ್ದೆ. ಮರಳೆಲ್ಲ ಕೆದರಿತ್ತು, ಸರ ಇರ್ನಿಲ್ಲ. ಮಾರ್ನೇ ದಿನ ಕಾಂತಂಗೆ ಹೇಳಾನ ಅನ್ನೋ ಅಷ್ಟ್ರಲ್ಲಿ ಅವ್ನ್ನ ಕರ್ಕೊಂಡೋದ್ರು. ನೀನೇ ತಿರ್ಗಾ ತಕ್ಕೊಂಡಿದ್ರೆ ಕೊಟ್ಬುಡು. ನಾನ್ ಯಾರ್ಗೂ ಉಸುರಲ್ಲ."

"ನಾನು ಮುಟ್ಟಿಲ್ಲ. ನಮ್ಮವ್ವನಾಣೆ ಮುಟ್ಟಿಲ್ಲ."

"ಮತ್ತೆ ನಿನ್ ಚೀಲದೊಳಕ್ಕೆ ಎಂಗ್ ಬಂತು?"

ಅವಳು ಮದುವೆಯ ದಿನವನ್ನು ನೆನಪಿಸಿಕೊಂಡಳು. ಅವತ್ತು ಎರಡೂ ಕೈಯಲ್ಲಿ ಲೈಟಿನ ಕಂಬ. ಚೀಲ ಹೆಗಲಿಂದ ಜಾರುತ್ತಿತ್ತು. "ಇತ್ಲಾಗ್ ಕೊಡು ಮಧು, ನಾನ್ ಇಟ್ಕೊತೀನಿ," ಎಂದು ಬೆಳಿಗ್ಗೆಯೇ ಅದನ್ನು ಇಸಿದುಕೊಂಡು ದಿನವಿಡೀ ತನ್ನ ಕಾಲ ಬಳಿಯೇ ಇಟ್ಟುಕೊಂಡಿದ್ದವನು ರಘು. ಮಂಟಪದ ಬಲಕ್ಕೆ, ಬಾಳೆಕಂದಿಗೆ ಒರಗಿದ ಹಾಗೆ, ವಿಡಿಯೋ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದವನೂ ರಘು.

ಬೆನ್ನ ಹಿಂದೆ ಭತ್ತ ಸರಕ್ಕೆಂದಿತು.

ರಘು ಕಣದೊಳಗೆ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಷ್ಟು ಕೇಳಿಸಿಕೊಂಡಿದ್ದನೋ. ಮುಖದಲ್ಲಿ ಯಾವತ್ತಿನ ಅದೇ ಗೊಣಗಾಟದ ನಗು ಇತ್ತು.

"ಏನ್ ಗೌಡ್ರೆ, ಕಾಂತಣ್ಣನ್ ದನಿ ಕೇಳ್ದಂಗಾಯ್ತು? ಆ ಫೋನ್ ಒಂಚೂರ್ ಇತ್ಲಾಗ್ ಕೊಡಿ, ನಾನೂ ಕೇಳ್ತೀನಿ."

ಮಧುಶ್ರೀ ತಡೆಯಲು ಕೈ ಚಾಚಿದಳು, ಅಷ್ಟರಲ್ಲಿ ತಡವಾಗಿತ್ತು. ಅಣ್ಣನನ್ನು ಹೊರಗೆ ತರಬಲ್ಲ ಒಂದೇ ಒಂದು ಸಾಕ್ಷಿ ಇದ್ದ ಆ ಫೋನನ್ನು ನಂಜುಂಡಸ್ವಾಮಿ, ಪಾಪ, ಟವಲಿನಲ್ಲಿ ಒರೆಸಿ ರಘುವಿನ ಅಂಗೈ ಮೇಲಿಟ್ಟ.